ಟಿವಿ ಹಿಂದಿನ ಕೆಲಸ: ನಮ್ಮ ಮನೆಯ ಗೇಮ್ ಕೋಣೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಮಹಡಿ ಮೇಲೆ ಹತ್ತಡಿಗೆ ಹನ್ನೊಂದಡಿಯ ಒಂದು ಕೋಣೆ ಇದೆ. ಮೊದಲು ಅಲ್ಲಿ ಅಕ್ಕಿ ಮೂಟೆ, ಹಳೇ ಹಾಸಿಗೆ, ಮುರಿದ ಕುರ್ಚಿ ಇರುತ್ತಿದ್ದವು. ಈಗ ಟಿವಿಗೆ ಹಾಕಿ ಆಡುವ ಗೇಮ್ ಯಂತ್ರಗಳು, ಅಂದರೆ ಕನ್ಸೋಲ್‌ಗಳು, 1983ರ ನಿಂಟೆಂಡೋ ಫ್ಯಾಮಿಕಾಮ್‌ನಿಂದ ಹಿಡಿದು ಸೋನಿಯ ಪ್ಲೇಸ್ಟೇಷನ್ 3 (ಪಿಎಸ್3) ತನಕ ಎಲ್ಲ ಒಂದೇ ಗೋಡೆಗೆ ಸೇರಿಕೊಂಡಿವೆ. ನೋಡಲು ಬಂದವರು ಕನ್ಸೋಲ್ ಕಡೆ ಕಣ್ಣು ಹಾಯಿಸಿ, ಎಷ್ಟು ಖರ್ಚಾಯ್ತು ಅಂತ ಕೇಳುತ್ತಾರೆ. ನಾನು ಟಿವಿ ಹಿಂದಿನ ವೈರ್ ತೋರಿಸುತ್ತೇನೆ. ನಿಜವಾದ ಕೆಲಸ ಇರುವುದೇ ಅಲ್ಲಿ.

ನನ್ನದು ಒಂದೇ ನಿಯಮ. ಯಾವ ಕನ್ಸೋಲ್ ಆದರೂ ಸರಿ, ಸ್ವಿಚ್ ಹಾಕಿ ಒಂದು ಗುಂಡಿ ಒತ್ತಿದರೆ ಆಟ ಶುರುವಾಗಬೇಕು. ಆಡೋಣ ಅಂತ ಕೂತು ಅರ್ಧ ಗಂಟೆ ಅಡಾಪ್ಟರ್ ಹುಡುಕಬೇಕಾದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಸೀಲ್ ಒಡೆಯದ ಡಬ್ಬಿ ತಂದು ಗಾಜಿನ ಬೀರುವಿನಲ್ಲಿಟ್ಟು ಬೆಲೆ ಏರಲಿ ಅಂತ ಕಾಯುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಅದು ಚಿನ್ನದ ವ್ಯಾಪಾರ, ಗೇಮ್ ಅಲ್ಲ.

ಶುರು ಮಾಡಿದ್ದು ಟಿವಿಯಿಂದ. ಹಳೇ ಕನ್ಸೋಲ್‌ಗೆ ಹಳೇ ಡಬ್ಬಾ ಟಿವಿಯೇ ಬೇಕು. ಇದು ಬರೀ ಹಳೆಯದರ ಮೇಲಿನ ಪ್ರೀತಿ ಅಲ್ಲ. ಫ್ಯಾಮಿಕಾಮ್, ಸೆಗಾ ಕಂಪನಿಯ ಮೆಗಾ ಡ್ರೈವ್ ಕಾಲದ ಯಂತ್ರಗಳು ಕಳಿಸುವುದು 240 ಗೆರೆಗಳ ಚಿತ್ರ. ಪಿಕ್ಚರ್ ಟ್ಯೂಬ್ ಅದನ್ನು ಬಂದ ಹಾಗೇ ಗೀಚಿಬಿಡುತ್ತದೆ. ಈಗಿನ ಎಲ್‌ಇಡಿ ಟಿವಿ ಅದನ್ನು ಬೇರೇನೋ ಅಂದುಕೊಂಡು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ನೀವು ಒತ್ತಿದ ಜಂಪ್ ತಡವಾಗಿ ಹಳ್ಳಕ್ಕೆ ಬಿದ್ದಿರುತ್ತೀರಿ. 'ಡಕ್ ಹಂಟ್' ಆಟದಲ್ಲಿ ಬಾತುಕೋಳಿ ಹೊಡೆಯುವ ಗನ್ ಅಂತೂ ಎಲ್‌ಇಡಿಯಲ್ಲಿ ಕೆಲಸವೇ ಮಾಡುವುದಿಲ್ಲ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ ಒಳಗಿನ ಸೆನ್ಸರ್ ಆ ಬೆಳಕನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಚಿತ್ರ ತಡವಾದರೆ ಎಷ್ಟು ಗುರಿಯಿಟ್ಟರೂ ತಪ್ಪುತ್ತದೆ.

ಟಿವಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಇಪ್ಪತ್ತೊಂದು ಇಂಚಿನದು, ಚಪ್ಪಟೆ ಪರದೆ. ಅಂಗಡಿಯವನಿಗೆ ಆಶ್ಚರ್ಯ. 'ಇದ್ಯಾಕ್ ಸಾ ನಿಮ್ಗೆ? ಒಳಗಿರೋ ತಾಮ್ರಕ್ಕೆ ಬೆಲೆ, ಟಿವಿಗಲ್ಲ' ಅಂದ. ಹಿಂದೆ ಸುತ್ತಿರುವ ತಂತಿಯ ಆಸೆಗೇ ಎಷ್ಟೋ ಒಳ್ಳೆಯ ಟಿವಿಗಳನ್ನು ಒಡೆದುಹಾಕುತ್ತಾರೆ. ನಾನು ಚೀಲದಲ್ಲಿ ಪಿಎಸ್1 ಒಂದನ್ನು, ಜಪಾನಿನದು, ಒಯ್ದಿದ್ದೆ. ಅಲ್ಲೇ ಹಾಕಿ ನೋಡಿದೆ. ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್, ಸೆಕೆಂಡಿಗೆ 50 ಸಲ ಪರದೆ ಗೀಚುವಂಥದ್ದು. ಜಪಾನ್, ಅಮೆರಿಕದ್ದು ಎನ್‌ಟಿಎಸ್‌ಸಿ, 60 ಸಲ. ತೀರಾ ಹಳೇ ಟಿವಿಗೆ ಎನ್‌ಟಿಎಸ್‌ಸಿ ಕೊಟ್ಟರೆ ಬಣ್ಣ ಹೋಗಿ ಕಪ್ಪು ಬಿಳುಪು ಬರುತ್ತದೆ, ಇಲ್ಲವೇ ಚಿತ್ರ ಉರುಳುತ್ತಲೇ ಇರುತ್ತದೆ. ಇದರಲ್ಲಿ ಬಣ್ಣ ಚೆನ್ನಾಗಿ ಬಂತು. ಅರ್ಧ ಗಂಟೆ ಹಾಗೇ ಓಡಿಸಿದೆ. ಟ್ಯೂಬ್ ಸವೆದಿದ್ದರೆ ಬಿಸಿಯಾದ ಮೇಲೂ ಚಿತ್ರ ಮಂಕಾಗಿಯೇ ಇರುತ್ತದೆ. ಮೂಲೆಗಳಲ್ಲಿ ಹಸಿರು, ನೇರಳೆ ಕಲೆ ಕಂಡರೆ ಹೆದರಬೇಕಿಲ್ಲ. ಅದು ಕಾಂತದ ಪ್ರಭಾವ. ಸ್ಪೀಕರ್ ದೂರ ಇಟ್ಟು ಆಫ್ ಮಾಡಿ ಆನ್ ಮಾಡಿದರೆ ಬಹಳ ಸಲ ತಾನೇ ಹೋಗುತ್ತದೆ.

ಒಂದು ಮಾತು. ಡಬ್ಬಾ ಟಿವಿಯ ಹಿಂಬದಿ ಮುಚ್ಚಳವನ್ನು ನಾನು ಬಿಚ್ಚುವುದಿಲ್ಲ. ಒಳಗೆ 20,000 ವೋಲ್ಟ್‌ಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ನಮ್ಮ ಬೀದಿಯ ಹಿರಿಯ ಟಿವಿ ಮೆಕ್ಯಾನಿಕ್ ಬಂದು ಧೂಳು ತೆಗೆದು ಫೋಕಸ್ ಸರಿಮಾಡಿಕೊಡುತ್ತಾರೆ. 'ಈ ಕೆಲಸಕ್ಕೆ ಈಗ ಯಾರೂ ಕರೆಯೋದೇ ಇಲ್ಲ ಕಣಪ್ಪ' ಅನ್ನುತ್ತಾ ಎರಡು ಲೋಟ ಕಾಫಿ ಕುಡಿಯುತ್ತಾರೆ.

ಇನ್ನು ಕರೆಂಟ್. ಹೊಸಬರ ಕನ್ಸೋಲ್ ಸಾಯುವುದು ಜಾಸ್ತಿ ಇಲ್ಲೇ. ನಮ್ಮ ಮನೆಗೆ ಬರುವುದು 230 ವೋಲ್ಟ್. ಜಪಾನಿನ ಯಂತ್ರಕ್ಕೆ 100, ಅಮೆರಿಕದ್ದಕ್ಕೆ 120. ಜಪಾನಿನ ದಪ್ಪ ಪಿಎಸ್2 ಒಳಗೇ ಪವರ್ ಸಪ್ಲೈ ಇರುತ್ತದೆ. ಅದಕ್ಕೆ ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬೇಕಾದ ವಾಟ್‌ಗಿಂತ ಎರಡರಷ್ಟು ತಾಕತ್ತಿನದು ತಗೊಂಡೆ. ಗಂಟೆಗಟ್ಟಲೆ ಓಡಿದರೂ ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೇ.

ಅಡಾಪ್ಟರ್ ಹೊರಗಿರುವ ಕನ್ಸೋಲ್‌ಗಳ ಕಥೆ ಬೇರೆ. ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ಈಗ ಸಿಗುವ ಬಹುತೇಕ ಅಡಾಪ್ಟರ್‌ಗಳು ಇದಕ್ಕೆ ತದ್ವಿರುದ್ಧ. ಮೊದಲ ಮೆಗಾ ಡ್ರೈವ್ ಕೂಡ ಒಳಗೆ ಮೈನಸ್, ಆದರೆ ಮೆಗಾ ಡ್ರೈವ್ 2 ಒಳಗೆ ಪ್ಲಸ್. ಒಂದೇ ಕಂಪನಿ, ಒಂದೇ ಆಟ, ಪ್ಲಗ್ ಮಾತ್ರ ಉಲ್ಟಾ. ಫ್ಯಾಮಿಕಾಮ್‌ನದೇ ಹೊರದೇಶದ ರೂಪವಾದ ಎನ್‌ಇಎಸ್ ಜೊತೆ ಬರುವುದಂತೂ 9 ವೋಲ್ಟ್ ಎಸಿ. ಅದು ಫ್ಯಾಮಿಕಾಮ್‌ಗೆ ಹೋದರೆ ಒಳಗಿನ ಭಾಗ ಸುಟ್ಟುಹೋಗಬಹುದು. ಅದಕ್ಕೇ ಪ್ರತಿ ಅಡಾಪ್ಟರ್‌ಗೂ ಬಿಳಿ ಟೇಪ್ ಸುತ್ತಿ, ಕನ್ಸೋಲ್ ಹೆಸರು, ವೋಲ್ಟ್, 'ಒಳಗೆ ಮೈನಸ್' ಅಂತ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಹೊಸದು ಬಂದರೆ ಮೊದಲು ಟಾರ್ಚ್ ಬಿಟ್ಟು, ಕೆಳಗಿನ ಚೀಟಿಯಲ್ಲಿ ಪ್ಲಸ್, ಮೈನಸ್ ಯಾವ ಕಡೆ ಅಂತ ತೋರಿಸುವ ಪುಟ್ಟ ವೃತ್ತದ ಗುರುತು ಓದುತ್ತೇನೆ. ಆಮೇಲೆ ಮಲ್ಟಿಮೀಟರ್. ಚೀಟಿ ಸುಳ್ಳು ಹೇಳುವುದುಂಟು, ಮೀಟರ್ ಹೇಳುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಈ ಗೋಡೆಗೆ ಪ್ರತ್ಯೇಕ ಲೈನ್ ಎಳೆಸಿದೆ. ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಪ್ರತಿ ಸಾಕೆಟ್‌ಗೂ ಅದರದೇ ಸ್ವಿಚ್. ಅಡಾಪ್ಟರ್‌ಗಳು ಸುಮ್ನೆ ಕೂತು ಬಿಸಿಯಾಗುವುದು ಹೀಗೆ ನಿಂತಿತು. ಏಪ್ರಿಲ್, ಮೇನಲ್ಲಿ ಚಾಮುಂಡಿ ಬೆಟ್ಟದ ಕಡೆ ಮೋಡ ಕಪ್ಪಾಗಿ ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತುಬಿಡುತ್ತೇನೆ. ಸಿಡಿಲಿಗೆ ಯಾವ ಸ್ಟೆಬಿಲೈಸರ್ ಮೇಲೂ ನನಗೆ ನಂಬಿಕೆ ಇಲ್ಲ. ಇನ್‌ವರ್ಟರ್ ಇರುವ ಮನೆಯವರು ಸೈನ್ ವೇವ್‌ನದೇ ನೋಡಿ ತಗೊಳ್ಳಿ. ಅಗ್ಗದ ಸ್ಕ್ವೇರ್ ವೇವ್ ಇನ್‌ವರ್ಟರ್‌ನಲ್ಲಿ ಹಳೇ ಟ್ರಾನ್ಸ್‌ಫಾರ್ಮರ್‌ಗಳು ಗುಂಯ್ ಅನ್ನುತ್ತವೆ, ಜಾಸ್ತಿ ಬಿಸಿಯೂ ಆಗುತ್ತವೆ.

ಫ್ಯಾಮಿಕಾಮ್ ಬಗ್ಗೆ ಇನ್ನೊಂದು ತಮಾಷೆ ಇದೆ. ಮೊದಲ ಮಾಡೆಲ್‌ನಲ್ಲಿ ಚಿತ್ರ, ಶಬ್ದ ನೇರವಾಗಿ ಕಳಿಸುವ ಹಳದಿ, ಕೆಂಪು, ಬಿಳಿ ಎವಿ ತೂತುಗಳೇ ಇಲ್ಲ. ಆಂಟೆನಾ ವೈರ್ ಮೂಲಕ ಜಪಾನಿನ ಟಿವಿ ಚಾನೆಲ್ 1 ಅಥವಾ 2ರಲ್ಲಿ ಚಿತ್ರ ಕಳಿಸುತ್ತದೆ. ಆ ಚಾನೆಲ್‌ಗಳು ಇರುವುದು 90ರಿಂದ 102 ಮೆಗಾಹರ್ಟ್ಸ್ ಒಳಗೆ. ನಮ್ಮಲ್ಲಿ ಅದು ಎಫ್‌ಎಂ ರೇಡಿಯೋ ಜಾಗ. ಮೈಸೂರು ಆಕಾಶವಾಣಿಯ 100.6 ಕೂಡ ಅಲ್ಲೇ ಬರುತ್ತದೆ. ನಮ್ಮ ಬಹುತೇಕ ಟಿವಿಗಳ ಟ್ಯೂನರ್ ಅಲ್ಲಿ ಹುಡುಕುವುದೇ ಇಲ್ಲ. ಹಾಗಾಗಿ ಒಳಗಿನ ಚಿತ್ರದ ಚಿಪ್‌ನ 21ನೇ ಕಾಲಿನಿಂದ ನೇರ ಸಿಗ್ನಲ್ ತೆಗೆದು, ಒಂದು ಟ್ರಾನ್ಸಿಸ್ಟರ್, ಎರಡು ಮೂರು ಬಿಡಿಭಾಗ ಹಾಕಿ, ಎವಿ ಔಟ್ ಮಾಡಿಕೊಂಡೆ. ಡಬ್ಬಿಗೆ ತೂತು ಕೊರೆಯಲಿಲ್ಲ. ಆಂಟೆನಾ ಹೊರಡುತ್ತಿದ್ದ ಜಾಗದಿಂದಲೇ ವೈರ್ ಹೊರಗೆ ಬಂತು. ಬೆಸುಗೆ ಹಾಕಲು ಕೈ ನಡುಗುವವರು 1993ರಲ್ಲಿ ಬಂದ ಹೊಸ ಮಾಡೆಲ್ ಹುಡುಕಲಿ. ಅದರಲ್ಲಿ ಎವಿ ಇದೆ. ಅದರ ಕೇಬಲ್ಲೇ ಸೂಪರ್ ಫ್ಯಾಮಿಕಾಮ್, ನಿಂಟೆಂಡೋ 64, ಗೇಮ್‌ಕ್ಯೂಬ್‌ಗೂ ಆಗುತ್ತದೆ.

ಇಷ್ಟೆಲ್ಲ ಕನ್ಸೋಲ್, ಟಿವಿಗೆ ಎವಿ ತೂತು ಎರಡೇ. ಗುಂಡಿ ಒತ್ತುವ ಎವಿ ಸ್ವಿಚ್ ಬಾಕ್ಸ್ ಹಾಕಿದೆ. ತಾನೇ ಆರಿಸಿಕೊಳ್ಳುವ ಆಟೋ ಬಾಕ್ಸ್ ಬೇಡ ಅಂತ ನನ್ನ ಅಭಿಪ್ರಾಯ. ಟಕ್ ಅಂತ ಒಳಗೆ ಹೋಗುವ ಗುಂಡಿಯಲ್ಲಿ ಕೆಡುವಂಥದ್ದು ಕಡಿಮೆ. ಪಿಎಸ್3 ಮಾತ್ರ ಪಕ್ಕದ ಎಲ್‌ಇಡಿ ಟಿವಿಗೆ ಎಚ್‌ಡಿಎಂಐನಲ್ಲಿ ಹೋಗುತ್ತದೆ. ಸ್ಟ್ಯಾಂಡ್ ಮಾಡಿಕೊಟ್ಟ ಆಚಾರಿಗೆ ಹೇಳಿ ಪ್ರತಿ ಹಲಗೆಯ ಹಿಂದೆ ನಾಲ್ಕು ಬೆರಳು ಜಾಗ ಬಿಡಿಸಿದೆ. ವೈರ್ ಕೆಳಗಿಳಿಯಲು, ಬಿಸಿ ಗಾಳಿ ಮೇಲೆ ಹೋಗಲು. ಕೆಳಗಿನ ಹಲಗೆ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಅಮ್ಮ ನೋಡಿ, 'ಇದೇನೋ, ವರ್ಷವಿಡೀ ಗೊಂಬೆ ಕೂರಿಸಿದ ಹಾಗಿದೆ' ಅಂದರು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಇದೆ. ಸೂಪರ್ ಫ್ಯಾಮಿಕಾಮ್‌ನಂಥ ಬೂದು ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ಎಷ್ಟೋ ಸಲ ಬಣ್ಣ ಮತ್ತೆ ತಿರುಗುತ್ತದೆ.

ಆಟದ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವುದು ನಮ್ಮ ತಲೆಮಾರಿನ ಅಭ್ಯಾಸ. ತಂಗಿ ಮಕ್ಕಳು ಬೇಸಿಗೆ ರಜೆಗೆ ಬಂದಾಗ ಅವರಿಗೂ ಯಾರು ಕಲಿಸಿದರೋ ಗೊತ್ತಿಲ್ಲ, ಉಫ್ ಅಂತ ಊದುತ್ತಿದ್ದರು. 'ಮಾವ, ಊದಿದ್ರೆ ಸರಿಹೋಗುತ್ತೆ' ಅಂತ ವಾದ ಬೇರೆ. ಸರಿಹೋಗುವುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವ ತಾಮ್ರದ ಪಟ್ಟಿಗಳನ್ನು ನಿಧಾನಕ್ಕೆ ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಪಟ್ಟಿಯ ಉದ್ದಕ್ಕೆ ಒರೆಸಬೇಕು, ಅಡ್ಡಡ್ಡ ಅಲ್ಲ. ಕಡ್ಡಿ ಕಪ್ಪಾಗುವುದನ್ನು ನೋಡಿದ ಮೇಲೆ ಮಕ್ಕಳು ಊದುವುದು ಬಿಟ್ಟರು. ಈಗ ಒರೆಸುವುದೇ ಅವರಿಗೆ ಆಟ.

ಕ್ಯಾಸೆಟ್‌ಗಳಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನವಕ್ಕೆ ಇನ್ನೊಂದು ಕಾಯಿಲೆ. ಆಟ ಎಲ್ಲಿಗೆ ಬಂತು ಅನ್ನುವ ದಾಖಲೆ, ಅಂದರೆ ಸೇವ್, ಉಳಿಸಲು ಹಲವು ಕ್ಯಾಸೆಟ್ ಒಳಗೆ 3 ವೋಲ್ಟ್‌ನ ನಾಣ್ಯದ ಗಾತ್ರದ ಸೆಲ್ ಇರುತ್ತದೆ. ಅದು ಮುಗಿದರೆ ಸೇವ್ ಹೋಯಿತು. ಬದಲಾಯಿಸುವಾಗ ಲೋಹದ ಕಿವಿ ಅಂಟಿಸಿರುವ ಸೆಲ್ಲನ್ನೇ ತನ್ನಿ. ಬರೀ ಸೆಲ್ ಮೇಲೆ ಬೆಸುಗೆ ಬಿಸಿ ಕೊಟ್ಟರೆ ಅದು ಸಿಡಿಯಬಹುದು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿಂದ ಆಟ ಮುಗಿದ ಕೂಡಲೇ ಸೆಲ್ ತೆಗೆದುಬಿಡುತ್ತೇನೆ. ಸೋರಿದ ಸೆಲ್‌ನ ಬಿಳಿ ಪುಡಿ ಸ್ಪ್ರಿಂಗ್ ತಿನ್ನುತ್ತದೆ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ.

ಪಿಎಸ್2 ಹಲಗೆಯಲ್ಲಿ ನನಗೆ ಇಷ್ಟದ ಡಿಸ್ಕ್ 'ಹನುಮಾನ್: ಬಾಯ್ ವಾರಿಯರ್'. 2009ರಲ್ಲಿ ಹೈದರಾಬಾದಿನವರು ಮಾಡಿದ್ದು. ಪಿಎಸ್2ಗೆ ಪೂರ್ತಿ ಭಾರತದಲ್ಲೇ ತಯಾರಾದ ಮೊದಲ ಆಟ. ಆಡಲು ಅಷ್ಟಕ್ಕಷ್ಟೇ, ಕ್ಯಾಮೆರಾ ತಲೆ ತಿರುಗಿಸುತ್ತದೆ. ಆದರೂ ಕೊಡುವುದಿಲ್ಲ. 15 ಕೋಟಿಗೂ ಮೀರಿ ಮಾರಾಟವಾದ ಯಂತ್ರಕ್ಕೆ ನಮ್ಮವರು ಮಾಡಿದ್ದು ಅಂದರೆ ಒಂದು ಡಿಸ್ಕ್‌ನ ಜಾಗವಾದರೂ ಬೇಡವೇ?

ಜಿರಳೆ ವಿಷಯ ಯಾರೂ ಹೇಳುವುದಿಲ್ಲ. ಬೆಚ್ಚಗಿರುವ ಪೆಟ್ಟಿಗೆ ಅವಕ್ಕೆ ಇಷ್ಟ. ಹಳೇ ಕನ್ಸೋಲ್ ಯಾವುದೇ ಬರಲಿ, ಕೋಣೆಗೆ ನೇರ ಪ್ರವೇಶ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮಹಡಿಯ ಹೊರಗೆ ಇಟ್ಟು, ಆಮೇಲೆ ಬಿಚ್ಚಿ, ಬ್ರಷ್‌ನಲ್ಲಿ ಗುಡಿಸಿ, ಅಷ್ಟಾದ ಮೇಲೆ ಒಳಗೆ. ಕೋಣೆಯಲ್ಲಿ ತಿಂಡಿ ನಿಷೇಧ. ಚುರುಮುರಿ ತಂದರೆ ಮೆಟ್ಟಿಲ ಮೇಲೆ ಕೂತು ತಿನ್ನಬೇಕು.

ಆಯುಧ ಪೂಜೆಗೆ ಇವಕ್ಕೂ ಕುಂಕುಮ ಆಗಲೇಬೇಕು ಅಂತ ಅಮ್ಮನ ಹಟ. ಗಾಳಿ ತೂತಿನೊಳಗೆ ಪುಡಿ ಬಿದ್ದರೆ ಫ್ಯಾನ್‌ಗೆ ಕಷ್ಟ. ಸ್ವಿಚ್ ಬಾಕ್ಸ್ ಮೇಲೆ ಒಂದು ಬೊಟ್ಟು, ಒಂದು ಚೆಂಡುಹೂವು ಅಂತ ರಾಜಿ ಆಗಿದೆ. ಪಿಎಸ್3 ಬಿಟ್ಟರೆ ಟಿವಿಗೆ ಹಾಕುವ ಎಲ್ಲ ಕನ್ಸೋಲ್ ಅದರ ಮೂಲಕವೇ ತಾನೇ ಹೋಗುವುದು.

ಸದ್ಯಕ್ಕೆ ಮೇಜಿನ ಮೇಲೆ ಒಂದು ಸೆಗಾ ಗೇಮ್ ಗೇರ್ ಬಿಚ್ಚಿಕೊಂಡು ಕೂತಿದೆ. ಆರು ಸೆಲ್ ನುಂಗಿ ಕೆಲವೇ ಗಂಟೆ ಆಡಿಸುವ ಯಂತ್ರ. ಅದರ ಬೋರ್ಡ್ ಮೇಲಿನ, ಕರೆಂಟ್ ಕೂಡಿಡುವ ಪುಟ್ಟ ಕೆಪಾಸಿಟರ್‌ಗಳು ಸೋರುವುದು ಎಲ್ಲರಿಗೂ ಗೊತ್ತಿರುವ ಕಥೆ. ಇದರಲ್ಲೂ ಚಿತ್ರ ಮಂಕು, ಶಬ್ದ ಇಲ್ಲವೇ ಇಲ್ಲ. ಬೋರ್ಡ್ ಹತ್ತಿರ ಮೂಗು ಇಟ್ಟರೆ ಮೀನಿನ ವಾಸನೆ. ಶಬ್ದದ ಬೋರ್ಡ್‌ನ ಕೆಪಾಸಿಟರ್ ತೆಗೆದಾಯಿತು, ಕೆಳಗಿನ ತಾಮ್ರ ಒಂದು ಕಡೆ ಹಸಿರಾಗಿದೆ, ತುಂಡಾಗಿಲ್ಲ. ಹೊಸವು ಬಂದ ಮೇಲೆ ಮೊದಲು ಶಬ್ದ, ಆಮೇಲೆ ಪರದೆ.