ಕ್ರೂಸ್‌ನಲ್ಲಿ ಡ್ರಿಂಕ್ಸ್ ಪ್ಯಾಕೇಜ್: ಕೊಳ್ಳುವ ಮುಂಚೆ ಲೆಕ್ಕ ಹಾಕುವುದು ಹೇಗೆ?

ಕ್ರೂಸ್ ಹಡಗಿನ ಬಾರ್‌ಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಒಂದು ಬಗೆಯ ಜನ ಕಾಣುತ್ತಾರೆ. ಕುಡಿಯುವ ಆಸೆ ಯಾವಾಗಲೋ ತೀರಿದೆ, ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಗ್ಲಾಸ್ ಹೇಳುತ್ತಾರೆ. ದಿನಕ್ಕಿಷ್ಟು ಅಂತ ಮೊದಲೇ ಕಟ್ಟಿ, ಆಮೇಲೆ ಬೇಕಾದಷ್ಟು ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್‌ಗೆ ಕೊಟ್ಟ ದುಡ್ಡು ವಸೂಲಾಗಬೇಕಲ್ಲ! ಇವರಲ್ಲಿ ಹೆಚ್ಚಿನವರು ಟಿಕೆಟ್ ಬುಕ್ ಮಾಡುವಾಗ ಲೆಕ್ಕ ಹಾಕಿದವರೇ. ಆದರೆ ಹಾಕಿದ ಲೆಕ್ಕ ತಪ್ಪು. ಆ ತಪ್ಪು ಹೆಚ್ಚುಕಮ್ಮಿ ಎಲ್ಲರಲ್ಲೂ ಒಂದೇ ಜಾಗದಲ್ಲಿ ಆಗಿರುತ್ತದೆ. ಹಾಗಾಗಿ ಮೂರನೇ ಹೆಜ್ಜೆಯನ್ನು ನಿಧಾನವಾಗಿ ಓದಿ. ಉಳಿದದ್ದರ ಮೇಲೆ ಕಣ್ಣಾಡಿಸಿದರೂ ನಡೆಯುತ್ತದೆ.

ಹೆಜ್ಜೆ 1: ಪುಕ್ಕಟೆ ಸಿಗುವುದನ್ನು ಪಟ್ಟಿಯಿಂದ ತೆಗೆಯಿರಿ

ಕುಡಿಯುವ ನೀರು, ಟೀ, ಮಾಮೂಲಿ ಕಾಫಿ, ಬೆಳಗಿನ ತಿಂಡಿಯ ಜೊತೆ ಕೊಡುವ ಜ್ಯೂಸ್. ಸಾಮಾನ್ಯವಾಗಿ ಇವು ಟಿಕೆಟ್ಟಿನಲ್ಲೇ ಸೇರಿರುತ್ತವೆ. ಡಿಸ್ನಿ ಹಡಗುಗಳಲ್ಲಿ ಊಟದ ಜೊತೆ ಕೋಲಾ ಕೂಡ ಪುಕ್ಕಟೆ, ಅಲ್ಲಿ ಅನ್‌ಲಿಮಿಟೆಡ್ ಮದ್ಯದ ಪ್ಯಾಕೇಜೇ ಇಲ್ಲ. ಡಿಸ್ನಿಯಲ್ಲಿ ಹೊರಟವರು ಈ ಪುಟ ಮಡಚಿಡಬಹುದು.

ಹೆಜ್ಜೆ 2: ಪ್ಯಾಕೇಜ್‌ನ ಪೂರ್ತಿ ಬೆಲೆ ತಿಳಿದುಕೊಳ್ಳಿ

ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಒಂದು ದಿನದ ದರ, ಅದೂ ಒಬ್ಬರಿಗೆ. ಅದರ ಮೇಲೆ ಸರ್ವಿಸ್ ಚಾರ್ಜ್ ಬೀಳುತ್ತದೆ. ರಾಯಲ್ ಕೆರಿಬಿಯನ್ ಅನ್ನುವ ಕ್ರೂಸ್ ಕಂಪನಿಯಲ್ಲಿ ಅದು ಶೇ 18, ನಾರ್ವೇಜಿಯನ್ ಕಂಪನಿಯಲ್ಲಿ ಶೇ 20. ದಿನಕ್ಕೆ 70 ಡಾಲರ್ ಅಂತ ಇಟ್ಟುಕೊಳ್ಳೋಣ. ಶೇ 18 ಸೇರಿಸಿದರೆ 82.60. ಏಳು ರಾತ್ರಿಗೆ 578 ಡಾಲರ್ ದಾಟಿತು. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಟಿಕೆಟ್ ಜೊತೆ ‘ಫ್ರೀ’ ಅಂತ ಪ್ಯಾಕೇಜ್ ಕೊಟ್ಟಿದ್ದರೂ ಈ ಹೆಜ್ಜೆ ಬಿಡಬೇಡಿ. ಅಂಥ ಆಫರ್‌ಗಳಲ್ಲಿ ಪ್ಯಾಕೇಜ್ ಫ್ರೀ ಆದರೂ ಅದರ ಪೂರ್ತಿ ಬೆಲೆಯ ಮೇಲಿನ ಸರ್ವಿಸ್ ಚಾರ್ಜ್ ನಿಮ್ಮ ತಲೆಗೇ ಬರುವುದುಂಟು.

ಹೆಜ್ಜೆ 3: ನೀವು ನಿಜವಾಗಿ ಎಷ್ಟು ಕುಡಿಯುತ್ತೀರಿ?

ಎಲ್ಲರೂ ಎಡವುವುದು ಇಲ್ಲೇ. ‘ದಿನಕ್ಕೆ ಐದಾರು ಆಗಿಯೇ ಆಗುತ್ತದೆ’ ಅಂತ ಬಾಯಲ್ಲಿ ಹೇಳಿ, ಅದನ್ನು ಏಳರಿಂದ ಗುಣಿಸಿ, ಕಾರ್ಡ್ ತೆಗೆಯುತ್ತಾರೆ. ಆ ಐದಾರು ಅನ್ನುವುದು ರಜೆಯ ಅತಿ ಮೋಜಿನ ದಿನದ ಲೆಕ್ಕ. ಏಳು ದಿನವೂ ಹಾಗಿರುವುದಿಲ್ಲ ಅಲ್ವಾ?

ಒಂದು ಹಾಳೆ ತಗೊಳ್ಳಿ. ಪ್ರಯಾಣದ ಒಂದೊಂದು ದಿನಕ್ಕೂ ಒಂದು ಸಾಲು ಬರೆಯಿರಿ. ಪ್ರತಿ ಸಾಲಿನ ಮುಂದೆ ಅದು ಯಾವ ಬಗೆಯ ದಿನ ಅಂತ ಗುರುತು ಹಾಕಿ. ಹತ್ತುವ ದಿನ, ಪೂರ್ತಿ ಸಮುದ್ರದಲ್ಲೇ ಕಳೆಯುವ ದಿನ, ಬಂದರಿನಲ್ಲಿ ಇಳಿಯುವ ದಿನ. ಹತ್ತುವ ದಿನ ನೀವು ಒಳಗೆ ಸೇರುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ, ಹಣ ಮಾತ್ರ ಇಡೀ ದಿನದ್ದು. ಬಂದರಿನ ದಿನ ಬೆಳಿಗ್ಗೆ ಇಳಿದರೆ ಸಂಜೆಗೇ ವಾಪಸ್. ದಡದಲ್ಲಿ ಪ್ಯಾಕೇಜ್ ನಡೆಯುವುದಿಲ್ಲ, ಅಲ್ಲಿ ಕುಡಿದದ್ದಕ್ಕೆ ಕೈಯಿಂದಲೇ ಕೊಡಬೇಕು. ಇದಕ್ಕೊಂದು ಅಪವಾದ ಇದೆ. ರಾಯಲ್ ಕೆರಿಬಿಯನ್‌ನವರ ಸ್ವಂತ ದ್ವೀಪ ಕೋಕೋಕೇಯಂಥ ಕಡೆ ಹಡಗಿನ ಪ್ಯಾಕೇಜೇ ಓಡುತ್ತದೆ.

ಈಗ ಪ್ರತಿ ಸಾಲಿನಲ್ಲೂ ಏನೇನು ಕುಡಿಯುತ್ತೀರಿ ಅಂತ ಹೆಸರು ಹಿಡಿದು ಬರೆಯಿರಿ. ‘ನಾಲ್ಕು ಡ್ರಿಂಕ್ಸ್’ ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಕಾಕ್‌ಟೇಲ್ ಬೆಲೆ ಬೇರೆ, ಬಿಯರ್ ಬೆಲೆ ಬೇರೆ, ಲಾಟೆಯಂಥ ವಿಶೇಷ ಕಾಫಿಯ ಬೆಲೆ ಬೇರೆ. ಲೆಕ್ಕಕ್ಕೆ ಕಾಕ್‌ಟೇಲ್ 13, ಬಿಯರ್ 8, ಲಾಟೆ 5, ಕೋಲಾ 3.50 ಡಾಲರ್ ಅಂತ ಹಿಡಿಯೋಣ. ನಿಮ್ಮ ಹಡಗಿನ ಮೆನು ಸಿಕ್ಕರೆ ಅದರ ಬೆಲೆ ಹಾಕಿಕೊಳ್ಳಿ.

ಒಂದು ಎಚ್ಚರ. ಬಿಡಿಯಾಗಿ ಕೊಂಡರೂ ಪ್ರತಿ ಗ್ಲಾಸಿನ ಮೇಲೂ ಸರ್ವಿಸ್ ಚಾರ್ಜ್ ಇದ್ದೇ ಇರುತ್ತದೆ. ಕೆಲವರು ಪ್ಯಾಕೇಜ್ ಕಡೆ ಸೇರಿಸಿ ಬಿಡಿ ಕಡೆ ಮರೆಯುತ್ತಾರೆ, ಕೆಲವರು ತಿರುಗಾಮುರುಗಾ ಮಾಡುತ್ತಾರೆ. ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ಬಿಡಿ. ಸೇರಿಸಿದರೆ ಕಾಕ್‌ಟೇಲ್ 15.34, ಬಿಯರ್ 9.44, ಲಾಟೆ 5.90, ಕೋಲಾ 4.13.

ಸಮುದ್ರದ ದಿನ ಎರಡು ಕಾಕ್‌ಟೇಲ್, ಎರಡು ಬಿಯರ್, ಎರಡು ಲಾಟೆ, ಒಂದು ಕೋಲಾ. ಒಟ್ಟು ಏಳು ಗ್ಲಾಸ್. ಕೇಳಿದರೆ ಜಾಸ್ತಿಯೇ ಅನಿಸುತ್ತದೆ, ಆದರೆ ಬಿಲ್ 65.49 ಮಾತ್ರ. ಪ್ಯಾಕೇಜ್‌ನ 82.60ಕ್ಕೆ ಇನ್ನೂ 17 ಡಾಲರ್ ದೂರ. ಹತ್ತುವ ದಿನ ಮತ್ತು ಬಂದರಿನ ದಿನ ಒಂದು ಕಾಕ್‌ಟೇಲ್, ಒಂದು ಬಿಯರ್, ಒಂದು ಲಾಟೆ ಅಂದರೆ 30.68. ಮೂರು ಸಮುದ್ರದ ದಿನ, ಮೂರು ಬಂದರು, ಒಂದು ಹತ್ತುವ ದಿನ. ಎಲ್ಲ ಕೂಡಿದರೆ 319 ಡಾಲರ್ ಚಿಲ್ಲರೆ. ಚೀಟಿಯಲ್ಲಿ ಬರೆದಿಟ್ಟದ್ದು 578.

ಬರೀ ಕಾಕ್‌ಟೇಲ್ ಕುಡಿಯುವವರಾದರೆ ಈ ದರಕ್ಕೆ ದಿನಕ್ಕೆ ಆರು ಬೇಕು, ಬರೀ ಬಿಯರ್ ಆದರೆ ಒಂಬತ್ತು. ಅದೂ ಏಳಕ್ಕೆ ಏಳು ದಿನ. ‘ಐದು ದಾಟಿದರೆ ಕಣ್ಣು ಮುಚ್ಚಿ ತಗೊಳ್ಳಿ’ ಅನ್ನುವ ಸೂತ್ರವನ್ನು ಯಾರಾದರೂ ಹೇಳಿದರೆ, ಐದು ಏನು ಅಂತ ಕೇಳಿ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನೂ ನಾನು ನಂಬುವುದಿಲ್ಲ. ಒಂದು ದಿನದ ಅಂಕಿ ಕೇಳಿ ಅದನ್ನೇ ಎಲ್ಲ ದಿನಕ್ಕೂ ಹರಡುವ ಕ್ಯಾಲ್ಕುಲೇಟರ್ ಬಂದರಿನ ದಿನವನ್ನೂ ಸಮುದ್ರದ ದಿನ ಮಾಡಿಬಿಡುತ್ತದೆ.

ಪ್ಯಾಕೇಜ್ ಲಾಭ ಆಗುವುದು ಯಾರಿಗೆ? ಅಟ್ಲಾಂಟಿಕ್ ದಾಟುವಂಥ, ದಿನಗಟ್ಟಲೆ ದಡ ಕಾಣದ ಪ್ರಯಾಣದಲ್ಲಿ, ಮಧ್ಯಾಹ್ನದಿಂದಲೇ ಕಾಕ್‌ಟೇಲ್ ಹಿಡಿಯುವವರಿಗೆ. ದಿನಾ ಒಂದೊಂದು ಊರಲ್ಲಿ ಇಳಿಯುವ ಪ್ರಯಾಣಕ್ಕೆ ಬೇಡ, ಬೇಡವೇ ಬೇಡ.

ಹೆಜ್ಜೆ 4: ಕ್ಯಾಬಿನ್‌ನಲ್ಲಿರುವ ಇನ್ನೊಬ್ಬರನ್ನು ಸೇರಿಸಿ

ರಾಯಲ್ ಕೆರಿಬಿಯನ್, ಕಾರ್ನಿವಲ್ ಮುಂತಾದವರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್‌ನ ಉಳಿದ ವಯಸ್ಕರೂ ಕೊಳ್ಳಬೇಕು. ಗಂಡ ಮೇಲಿನ ಲೆಕ್ಕದಷ್ಟು ಕುಡಿಯುತ್ತಾರೆ, ಹೆಂಡತಿ ದಿನಕ್ಕೆರಡು ಲಾಟೆ ಅಷ್ಟೇ ಅನ್ನುವ ಜೋಡಿಯನ್ನು ನೋಡಿ. ಬಿಡಿಯಾಗಿ ಇಬ್ಬರದ್ದೂ ಸೇರಿ ಸುಮಾರು 400 ಡಾಲರ್. ಪ್ಯಾಕೇಜ್ ಆದರೆ 1,156. ಕುಡಿಯದವರಿಗೆ ವೈದ್ಯರ ಸಲಹೆ, ಗರ್ಭಿಣಿ ಅನ್ನುವಂಥ ಕಾರಣ ಇದ್ದರೆ ಫೋನ್ ಮಾಡಿ ಕೇಳಿ, ಕೆಲವೊಮ್ಮೆ ವಿನಾಯಿತಿ ಸಿಗುತ್ತದೆ.

ಒಂದೇ ಪ್ಯಾಕೇಜ್‌ನಲ್ಲಿ ಇಬ್ಬರೂ ಕುಡಿಯುವ ಉಪಾಯ ಬಿಟ್ಟುಬಿಡಿ. ಹಡಗಿನವರು ಕೊಟ್ಟ ಕಾರ್ಡ್ ಉಜ್ಜಿದ ಕೂಡಲೇ ಬಾರ್‌ನವರ ಪರದೆಯಲ್ಲಿ ನಿಮ್ಮ ಫೋಟೊ ಬರುತ್ತದೆ. ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದಾಗಬಹುದು, ದುಡ್ಡೂ ಹೋಗಬಹುದು.

ಹೆಜ್ಜೆ 5: ಸಣ್ಣ ಅಕ್ಷರ ಓದಿ

‘ಅನ್‌ಲಿಮಿಟೆಡ್’ ಅನ್ನುವುದಕ್ಕೂ ಮಿತಿ ಇದೆ. ಕಾರ್ನಿವಲ್‌ನ ಚಿಯರ್ಸ್ ಪ್ಯಾಕೇಜ್‌ನಲ್ಲಿ ದಿನಕ್ಕೆ 15 ಮದ್ಯದ ಗ್ಲಾಸ್ ಮಾತ್ರ. ಒಂದು ಗ್ಲಾಸಿನ ಬೆಲೆಗೂ ಮಿತಿ ಇರುತ್ತದೆ. ಅದನ್ನು ದಾಟಿದರೆ ಕೆಲವರು ವ್ಯತ್ಯಾಸ ಮಾತ್ರ ಕೇಳುತ್ತಾರೆ, ಕೆಲವರು ಹಾಗಲ್ಲ. ಕ್ಯಾಬಿನ್‌ನ ಮಿನಿಬಾರ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣದ ಸೂವನೀರ್ ಗ್ಲಾಸಿನಲ್ಲಿ ಕೊಡಲೇ ಅಂತ ಕೇಳಿದರೆ ಬೇಡ ಅನ್ನಿ. ಗ್ಲಾಸಿಗೆ ಬೇರೆ ದುಡ್ಡು, ಮನೆಗೆ ತಂದ ಮೇಲೆ ಅದು ಅಟ್ಟ ಸೇರುತ್ತದೆ.

ಊಟದ ಜೊತೆ ವೈನ್ ಸಾಕು ಅನ್ನುವವರಿಗೆ ಸುಲಭದ ದಾರಿ ಬೇರೆಯೇ ಇದೆ. ಹತ್ತುವ ದಿನ ಒಬ್ಬ ವಯಸ್ಕ 750 ಮಿಲಿ ಬಾಟಲಿ ಒಂದನ್ನು ಜೊತೆಗೆ ತರಲು ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡೂ ಬಿಡುತ್ತವೆ. ಡೈನಿಂಗ್ ಹಾಲ್‌ನಲ್ಲಿ ತೆರೆಸಿದರೆ ಕಾರ್ಕೇಜ್ ಅಂತ, ಅಂದರೆ ಬಾಟಲಿ ತೆರೆದುಕೊಡುವುದಕ್ಕೆ, ಸ್ವಲ್ಪ ದುಡ್ಡು ಹಿಡಿಯುತ್ತಾರೆ.

ಹೆಜ್ಜೆ 6: ಕೊಳ್ಳುವುದೇ ಆದರೆ ಮನೆಯಲ್ಲಿ ಕೂತು ಕೊಳ್ಳಿ

ಹಡಗಿನ ಮೇಲೆ ಸಾಮಾನ್ಯವಾಗಿ ದರ ಜಾಸ್ತಿ. ಹೊರಡುವ ಮುಂಚೆ ದರ ಏರಿಳಿಯುತ್ತಲೇ ಇರುತ್ತದೆ. ದರ ಇಳಿದಾಗ ಹಳೆಯದನ್ನು ರದ್ದು ಮಾಡಿ ಹೊಸದು ಕೊಳ್ಳಲು ರಾಯಲ್ ಕೆರಿಬಿಯನ್‌ನಂಥವರು ಬಿಡುತ್ತಾರೆ. ವಾರಕ್ಕೊಮ್ಮೆ ಇಣುಕಿ ನೋಡಿದರೆ ಸಾಕು. ಹತ್ತಿದ ದಿನ ಬಾಗಿಲಲ್ಲೇ ಮೇಜು ಹಾಕಿಕೊಂಡು ‘ಇವತ್ತು ಮಾತ್ರ’ ಅಂತ ಕರೆಯುವವರ ಕಡೆ ಹೋಗಬೇಡಿ.

ಬಿಡಿಯಾಗಿ ಕುಡಿಯುವುದು ಅಂತ ತೀರ್ಮಾನ ಆಯಿತೋ, ಬಾರ್‌ನಲ್ಲಿ ಸಹಿಗೆ ಕೊಡುವ ರಸೀದಿ ನೋಡಿ. ಸರ್ವಿಸ್ ಚಾರ್ಜ್ ಆಗಲೇ ಸೇರಿರುತ್ತದೆ, ಆದರೂ ಕೆಳಗೆ ಟಿಪ್‌ಗೆ ಅಂತ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ತುಂಬಿಸಲೇಬೇಕು ಅಂದುಕೊಂಡು ಎಷ್ಟೋ ಜನ ಎರಡೆರಡು ಸಲ ಕೊಡುತ್ತಾರೆ. ಇನ್ನೂ ಕೊಡುವ ಮನಸ್ಸಿಲ್ಲದಿದ್ದರೆ ಅಲ್ಲೊಂದು ಗೀಟು ಎಳೆದು, ಮೇಲಿನ ಮೊತ್ತವನ್ನೇ ಕೆಳಗೆ ಬರೆದು ಸಹಿ ಹಾಕಿ.