ಹಳೆ ಸೀರೆಯಿಂದ ಕೌದಿ: ನಾನು ಹೊಲಿದು ಕಲಿತದ್ದು

ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ, ಮೇಲೆ ತೇಪೆ ಹಚ್ಚಿ ಹೊಲಿಯುವ ಹೊದಿಕೆಯೇ ಕೌದಿ. ಅದನ್ನು ಕಲಿಯಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ಬಣ್ಣದ ಬಗ್ಗೆ. ಕೆಂಪಿನ ಪಕ್ಕ ಹಸಿರು ಇಡಲಾ, ಚೌಕ ಚಂದವೋ ತ್ರಿಕೋನ ಚಂದವೋ ಅಂತ. ಅದೆಲ್ಲ ಆಮೇಲೆ. ಕೌದಿ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಸೂಜಿಗೆ ದಾರ ಪೋಣಿಸುವ ಮೊದಲೇ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ. ಬಟ್ಟೆ ಆರಿಸುವುದು, ಹಾಸುವುದು, ಈ ಎರಡರಲ್ಲೇ ಎಲ್ಲ ಇದೆ.

ನನಗೆ ಕಲಿಸಿದ್ದು ಗದಗ ಕಡೆಯ ನಮ್ಮ ದೊಡ್ಡವ್ವ. ಅವರು ಬಟ್ಟೆಯನ್ನು ಕಣ್ಣಿಂದ ನೋಡುವುದೇ ಕಡಿಮೆ. ಬೆರಳುಗಳ ನಡುವೆ ಉಜ್ಜಿ, ಒಂದು ಅಂಚು ಮಡಚಿ, ಉಗುರಿನಿಂದ ಗೆರೆ ಎಳೆಯುತ್ತಾರೆ. ಮಡಿಕೆ ಹಾಗೇ ನಿಂತರೆ ಅದು ಹತ್ತಿ. ಪುಟಿದು ಬಿಚ್ಚಿಕೊಂಡರೆ ಪಕ್ಕಕ್ಕೆ. ಅವರ ಕೈಗಿರುವ ಅಂದಾಜು ನನಗಿರಲಿಲ್ಲ, ಹಾಗಾಗಿ ನಾನು ಇನ್ನೊಂದು ದಾರಿ ಹಿಡಿದೆ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು ಬೆಂಕಿ ತಾಗಿಸುವುದು. ಹತ್ತಿ ಎಳೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಪಾಲಿಯೆಸ್ಟರ್ ಬೇಡವೇ ಬೇಡ ಅನ್ನುತ್ತೇನೆ ನಾನು. ಅದು ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತದೆ. ಜರಿ ಇರುವ ಅಂಚೂ ಬೇಡ, ಮೈಗೆ ಚುಚ್ಚುತ್ತದೆ.

ಹಳೆಯ ಹತ್ತಿ ಸೀರೆ, ಧೋತರ ಯಾಕೆ ಒಳ್ಳೆಯದು ಅಂದರೆ, ಅವು ಕುಗ್ಗುವಷ್ಟು ಕುಗ್ಗಿ ಆಗಿರುತ್ತವೆ, ಬಣ್ಣ ಬಿಡುವಷ್ಟು ಬಿಟ್ಟು ಆಗಿರುತ್ತವೆ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಒಗೆದು ಒಣಗಿಸಲೇಬೇಕು. ಗಾಢ ಕೆಂಪು, ನೀಲಿ ಇದ್ದರೆ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಅದು ಮುಂದೆ ಇಡೀ ಕೌದಿಗೆ ಬಣ್ಣ ಹಚ್ಚುತ್ತದೆ.

ಲೆಕ್ಕ ಸುಲಭ. ಐದೂವರೆ ಮೀಟರ್ ಸೀರೆಯನ್ನು ಮೂರು ಪಾಲು ಮಾಡಿದರೆ ಒಂದೊಂದೂ ಸುಮಾರು 6 ಅಡಿ ಉದ್ದ ಸಿಗುತ್ತದೆ. ಅಗಲ ಸೀರೆಯದ್ದೇ, 4 ಅಡಿಗೆ ಸ್ವಲ್ಪ ಕಡಿಮೆ. ಮೂರನ್ನೂ ಒಂದರ ಮೇಲೊಂದು ಹಾಸಿದರೆ ಒಬ್ಬರಿಗೆ ಸಾಕಾಗುವ ಕೌದಿಯ ಒಡಲು ಸಿದ್ಧ. ಮೇಲೆ ತೇಪೆಗಳು ಬರುವುದರಿಂದ ದಪ್ಪ ತಾನಾಗಿಯೇ ಜಾಸ್ತಿಯಾಗುತ್ತದೆ. ನೆಲ ಒರೆಸಿ, ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಬೇಕು. ಆಮೇಲೆ ಪದರಗಳು ಸರಿಯದ ಹಾಗೆ, ಅಂಗೈ ಅಗಲಕ್ಕೊಂದು ಸಾಲಿನಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ಹೊಲಿಗೆ. ಬೇಸರದ ಕೆಲಸ, ಆದರೆ ಇದನ್ನು ಬಿಡಬಾರದು.

ದೊಡ್ಡದಕ್ಕೆ ಕೈ ಹಾಕುವ ಮೊದಲು ದಿಂಬಿನ ಕವರಿನಷ್ಟು ಸಣ್ಣ ತುಂಡುಗಳಲ್ಲಿ ಪ್ರಯೋಗ ಮಾಡಿದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಒಂದರಲ್ಲಿ ಹೊಲಿಗೆ ಸಾಲುಗಳನ್ನು ಬೆರಳಗಲ ಅಂತರದಲ್ಲಿ ಹಾಕಿದೆ, ಇನ್ನೊಂದರಲ್ಲಿ ಮೂರು ಬೆರಳಿನಷ್ಟು. ಎರಡನ್ನೂ ಒಗೆದೆ. ಒತ್ತಾದದ್ದು ಬಿಗಿಯಾಗಿ, ಗಟ್ಟಿಯಾಗಿ ನಿಂತಿತು. ವಿರಳವಾದದ್ದು ಮೆತ್ತಗಿತ್ತು, ಪದರಗಳ ನಡುವೆ ಗಾಳಿ ಉಳಿದು ಬೆಚ್ಚಗೂ ಇತ್ತು. ಆದರೆ ಒಳಗಿನ ಬಟ್ಟೆ ಸರಿದು ಮುದುಡಿತ್ತು. ದಿನಾ ಬಳಸಿ, ಪದೇ ಪದೇ ಒಗೆಯುವ ಕೌದಿಗೆ ನಾನು ಒತ್ತು ಸಾಲನ್ನೇ ಆರಿಸಿಕೊಂಡೆ.

ಇನ್ನೊಂದು ಪ್ರಯೋಗ, ಹೊಲಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಅಮೆರಿಕದಲ್ಲಿ ಕ್ವಿಲ್ಟ್, ಅಂದರೆ ಅಲ್ಲಿನ ಕೌದಿ, ಹೊಲಿಯುವವರು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಹೋಗುತ್ತಾರೆ. ಸುಕ್ಕು ಇದ್ದರೆ ಅಂಚಿಗೆ ಸರಿಯಲಿ ಅಂತ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅನ್ನುತ್ತಾರೆ. ಅದರಲ್ಲಿ ಇದು ತಿರುಗುಮುರುಗು. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ಸುತ್ತಿ ಸುತ್ತಿ ಒಳಕ್ಕೆ ಬರುತ್ತಾರೆ. ತೇಪೆಗಳನ್ನು ಮೊದಲೇ ಬೇರೆಯಾಗಿ ಜೋಡಿಸಿಟ್ಟುಕೊಳ್ಳುವುದೂ ಇಲ್ಲ. ತುಂಡನ್ನು ಒಡಲಿನ ಮೇಲಿಟ್ಟು, ಅಂಚು ಒಳಕ್ಕೆ ಮಡಚಿ, ಎಲ್ಲ ಪದರಗಳನ್ನೂ ಹಿಡಿದು ಹೊಲಿಯುತ್ತಾ ಹೋಗುತ್ತಾರೆ. ತೇಪೆ ಹಚ್ಚುವುದು, ಪದರ ಕೂಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಎಂಥ ಜಾಣ್ಮೆ ನೋಡಿ! ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂ ಇಟ್ಟ ಮೇಲೇ ಅವರಿಗೆ ಕವಂದಿ ಪೂರ್ತಿಯಾದ ಹಾಗೆ.

ಎರಡೂ ರೀತಿ ಹೊಲಿದು ನೋಡಿದೆ. ಅಂಚಿನಿಂದ ಒಳಕ್ಕೆ ಬರುವಾಗ ಸಡಿಲ ಬಟ್ಟೆಯೆಲ್ಲ ನಡುವೆ ಸೇರುವ ಭಯ ಇದೆ, ನಿಜ. ಆದರೆ ಕಚ್ಚಾ ಹೊಲಿಗೆ ಒತ್ತಾಗಿದ್ದು, ಪ್ರತಿ ಸುತ್ತಿಗೂ ಒಮ್ಮೆ ನೆಲಕ್ಕೆ ಹಾಸಿ ಸವರಿದರೆ ಹಾಗಾಗುವುದಿಲ್ಲ. ಲಾಭವೂ ದೊಡ್ಡದು. ಅಂಚು ಮೊದಲೇ ಭದ್ರವಾಗುತ್ತದೆ, ಎಳೆ ಬಿಚ್ಚುವ ಚಿಂತೆ ಇರುವುದಿಲ್ಲ. ನಾಲ್ಕು ಜನ ಸುತ್ತ ಕೂತು ಹೊಲಿಯಲಿಕ್ಕೂ ಅನುಕೂಲ. ನಾನೀಗ ಹೊಲಿಯುವುದು ಹೀಗೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾದದ್ದು ದಾರದ ಬಿಗಿ ಕಲಿಯಲು. ಸೂಜಿ ಹೋಗಿ ಬಂದ ಮೇಲೆ ದಾರವನ್ನು ಎಷ್ಟು ಎಳೆಯಬೇಕು? ಇದನ್ನು ಅಳತೆಯಲ್ಲಿ ಹೇಳಲಾಗುವುದಿಲ್ಲ. “ದಾರ ಜಗ್ಗಬ್ಯಾಡ ಮಗಳ, ಅರಿವಿ ತಾನ ಕೂಡತದ” ಅನ್ನುತ್ತಿದ್ದರು ದೊಡ್ಡವ್ವ. ನಾನು ಕಂಡುಕೊಂಡ ಗುರುತು ಇದು: ಒಂದು ಗೇಣು ಹೊಲಿದು ನಿಲ್ಲಿಸಿ, ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಸವರಿ. ಬಟ್ಟೆ ಚಪ್ಪಟೆಯಾಗಿ ಹರಡಿದರೆ ಸರಿ. ನೆರಿಗೆ ಉಳಿದರೆ ಬಿಗಿ ಹೆಚ್ಚು. ದಾರ ಮೇಲೆದ್ದು ಉಗುರಿಗೆ ಸಿಕ್ಕಿಕೊಂಡರೆ ಸಡಿಲ. ಎಡಗೈ ಯಾವಾಗಲೂ ಕೆಳಗಿರಲಿ. ಸೂಜಿಯ ಮೊನೆ ಬೆರಳಿಗೆ ಮೆಲ್ಲಗೆ ತಾಗಿದ ಕ್ಷಣವೇ ಮೇಲಕ್ಕೆ ತಿರುಗಿಸಿದರೆ ಕೆಳಬದಿಯ ಹೊಲಿಗೆಯೂ ಮೇಲಿನಷ್ಟೇ ಸಣ್ಣದಾಗಿರುತ್ತದೆ. ಮೂರು ನಾಲ್ಕು ಹೊಲಿಗೆಯನ್ನು ಸೂಜಿಗೇ ಏರಿಸಿಕೊಂಡು ಒಮ್ಮೆಲೇ ದಾರ ಎಳೆದರೆ ಸಾಲು ನೇರ ಬರುತ್ತದೆ.

ದಾರ ಹತ್ತಿಯದ್ದೇ ಇರಲಿ, ಜೋಡಿ ಎಳೆ. ಉದ್ದ ಒಂದೂವರೆ ಮೊಳ ಸಾಕು. ಜಾಸ್ತಿ ತೆಗೆದುಕೊಂಡರೆ ಸುಮ್ನೆ ಗಂಟು ಬೀಳುತ್ತದೆ, ಬಟ್ಟೆಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ನುಣುಪಾಗಿ ಓಡುತ್ತದೆ.

ಮುಗಿದ ಮೇಲೆ ಒಗೆಯುವುದು ತಣ್ಣೀರಿನಲ್ಲಿ. ಹಿಂಡಬೇಡಿ. ನೀರು ಕುಡಿದ ಕೌದಿ ತುಂಬಾ ಭಾರ ಇರುತ್ತದೆ, ಒಂದೇ ಹಗ್ಗಕ್ಕೆ ನೇತುಹಾಕಿದರೆ ಆ ಭಾರಕ್ಕೆ ಹೊಲಿಗೆಗಳು ಜಗ್ಗುತ್ತವೆ. ನಾನು ಅಕ್ಕಪಕ್ಕ ಎರಡು ಹಗ್ಗ ಕಟ್ಟಿ, ಎರಡರ ಮೇಲೂ ಅಡ್ಡಲಾಗಿ ಹಾಸುತ್ತೇನೆ. ಬಣ್ಣ ಮಾಸದ ಹಾಗೆ ಹಿಂಬದಿ ಬಿಸಿಲಿಗೆ.