ಕೋಚ್ ಹೋಗಬೇಕಾ, ಇರಬೇಕಾ: ನೆಬ್ರಾಸ್ಕಾದವರ ಜತೆ ಜಗಳಕ್ಕೆ ಕೂರುವ ಮುನ್ನ

ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ಗೆ ಬಂದದ್ದು 2003ರ ಆಗಸ್ಟಿನಲ್ಲಿ. ಗಂಡನಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಓದು, ನನಗೆ ಮನೆಯಲ್ಲಿ ಬೇಜಾರು. ನವೆಂಬರ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜ ಬಾಗಿಲು ತಟ್ಟಿದರು. ಮುಖ ಸಪ್ಪಗಿತ್ತು. "ಅವನು ಹೋದ" ಅಂದರು. ನಾನು ಯಾರೋ ತೀರಿಕೊಂಡರು ಅಂದುಕೊಂಡು "ಅಯ್ಯೋ, ಏನಾಗಿತ್ತು?" ಅಂತ ಕೇಳಿದೆ. ಅಜ್ಜ ನನ್ನನ್ನೇ ಒಂದು ಗಳಿಗೆ ನೋಡಿ, "ಒಂಬತ್ತು ಗೆದ್ದು ಮೂರು ಸೋತಿದ್ದ" ಅಂದರು.

ಹೋದದ್ದು ಫ್ರಾಂಕ್ ಸೋಲಿಚ್, ನೆಬ್ರಾಸ್ಕಾ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್. ಹನ್ನೆರಡು ಪಂದ್ಯದಲ್ಲಿ ಒಂಬತ್ತು ಗೆದ್ದವನನ್ನು ಯಾಕಾದರೂ ತೆಗೀತಾರೆ ಅಂತ ಕೇಳಿದೆ. ಅಜ್ಜ ಹೇಳಿದರು: "ಒಂಬತ್ತು ಸಾಲದು. ತೆಗೆಯಲೇಬೇಕಿತ್ತು." ಹಾಗಂದವರ ಕಣ್ಣಲ್ಲಿ ನೀರಿತ್ತು. ಈ ಜನರ ಜಗಳ ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕು ಅಂತ ಆವತ್ತೇ ಅನ್ನಿಸಿತು.

ಈಗ ಮಕ್ಕಳನ್ನು ಅಮೆರಿಕದ ಕಾಲೇಜಿಗೆ ಸೇರಿಸಿದವರು, ಇಂಥ ಊರಿಗೆ ಹೊಸದಾಗಿ ಕೆಲಸಕ್ಕೆ ಬಂದವರು ನನ್ನನ್ನು ಕೇಳುತ್ತಾರೆ. ಸೋಮವಾರ ಆಫೀಸಿನಲ್ಲಿ ಎಲ್ಲರೂ ಕೋಚ್ ಬಗ್ಗೆಯೇ ಕಿತ್ತಾಡುತ್ತಿರುತ್ತಾರೆ, ನಾವು ಏನು ಮಾತಾಡೋದು ಅಂತ. ಅವರಿಗಾಗಿ ಇದು. ನನಗೆ ಗೊತ್ತಿರುವುದು ನೆಬ್ರಾಸ್ಕಾ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಇಲ್ಲಿಯವೇ.

ಬಾಯಿ ಬಿಡುವ ಮೊದಲು ವಂಶಾವಳಿ ಕಲಿಯಿರಿ

ಆಟದ ನಿಯಮ ಪೂರ್ತಿ ಬರದಿದ್ದರೂ ನಡೆಯುತ್ತದೆ. ಯಾರ ನಂತರ ಯಾರು ಬಂದರು ಅನ್ನುವುದು ಬರದಿದ್ದರೆ ನಡೆಯುವುದಿಲ್ಲ. ಪ್ರತಿ ತಂಡಕ್ಕೂ ಒಂದು ಚಿನ್ನದ ಕಾಲ ಇರುತ್ತದೆ. ಈಗಿನ ಕೋಚನ್ನು ಎಲ್ಲರೂ ಅಳೆಯುವುದು ಆ ಗಜಕಡ್ಡಿಯಿಂದಲೇ. ಅದು ಯಾವುದು ಅಂತ ಮೊದಲು ಪತ್ತೆ ಮಾಡಿ.

ಇಲ್ಲಿ 1962ರಲ್ಲಿ ಬಾಬ್ ಡೆವೇನಿ ಬಂದರು. 1970 ಮತ್ತು 1971ರಲ್ಲಿ ತಂಡ ದೇಶಕ್ಕೇ ಚಾಂಪಿಯನ್ ಆಯಿತು. ಅವರ ಕೈಕೆಳಗಿದ್ದ ಟಾಮ್ ಆಸ್ಬರ್ನ್ 1973ರಿಂದ 1997ರವರೆಗೆ 25 ವರ್ಷ ನಡೆಸಿದರು. ಗೆದ್ದದ್ದು 255, ಸೋತದ್ದು 49, ಸಮ 3. ಒಂದೇ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಅಜ್ಜನ "ಒಂಬತ್ತು ಸಾಲದು" ಎಲ್ಲಿಂದ ಬಂತು ಗೊತ್ತಾಯಿತಲ್ಲ? ಒಂಬತ್ತು ಅಂದರೆ ಇವರಿಗೆ ನೆಲ, ಅಟ್ಟ ಅಲ್ಲ.

ನಂತರದ ಪಟ್ಟಿ ಬೇಗ ಹೇಳುತ್ತೇನೆ. ಆಸ್ಬರ್ನ್ ಜಾಗಕ್ಕೆ ಬಂದವರೇ ಸೋಲಿಚ್. ಸೋಲಿಚ್ ಹೋದ ಮೇಲೆ ತಿಂಗಳಿಗೂ ಜಾಸ್ತಿ ಹುಡುಕಿ ಬಿಲ್ ಕ್ಯಾಲಹನ್‌ರನ್ನು ತಂದರು. ಮೊದಲ ವರ್ಷವೇ 5 ಗೆಲುವು, 6 ಸೋಲು. 1961ರ ನಂತರ ಗೆಲುವಿಗಿಂತ ಸೋಲು ಜಾಸ್ತಿಯಾದದ್ದು ಅದೇ ಮೊದಲು. 35 ವರ್ಷ ಸತತವಾಗಿ ಬೌಲ್ ಪಂದ್ಯ (ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಪಂದ್ಯ) ಆಡಿದ್ದ ತಂಡ ಆ ವರ್ಷ ಮನೆಯಲ್ಲಿ ಕೂತಿತು. ಆಮೇಲೆ ಬೋ ಪೆಲಿನಿ. ಏಳು ವರ್ಷ, ಪ್ರತಿ ವರ್ಷ ಕನಿಷ್ಠ ಒಂಬತ್ತು ಗೆಲುವು. 2014ರಲ್ಲಿ ಅವರನ್ನೂ ತೆಗೆದರು. ಮೈಕ್ ರೈಲಿ ಮೂರು ವರ್ಷದಲ್ಲಿ 19 ಗೆದ್ದು 19 ಸೋತರು. ಆಮೇಲೆ ಸ್ಕಾಟ್ ಫ್ರಾಸ್ಟ್, 16 ಗೆಲುವು, 31 ಸೋಲು. 2022ರ ಕೊನೆಗೆ ಮ್ಯಾಟ್ ರೂಲ್ ಬಂದರು. 2017ರಿಂದ 2023ರವರೆಗೆ ಏಳು ವರ್ಷ ಬೌಲ್ ಪಂದ್ಯದ ಮುಖವನ್ನೇ ನೋಡಲಿಲ್ಲ.

ಇಷ್ಟು ಬಾಯಿಪಾಠ ಆದರೆ ನೀವು ಅರ್ಧ ಗೆದ್ದ ಹಾಗೆ. ಯಾರಾದರೂ "ಇವನನ್ನು ಓಡಿಸಿ" ಅಂದರೆ, "ಸೋಲಿಚ್‌ರನ್ನು ಓಡಿಸಿ ಏನು ಕಂಡಿರಿ?" ಅನ್ನಿ. ಮೇಜು ಒಂದು ನಿಮಿಷ ತಣ್ಣಗಾಗುತ್ತದೆ.

ಎದುರಿನವರು ಎಂಥವರು ಅಂತ ತಿಳಿಯಲು ಒಂದು ಪ್ರಶ್ನೆ

ಇದನ್ನು ನನಗೆ ಕೊಟ್ಟದ್ದು ಅಜ್ಜನೇ. 1984ರ ಜನವರಿ 2, ಆರೆಂಜ್ ಬೌಲ್, ಎದುರಾಳಿ ಮಯಾಮಿ. ನೆಬ್ರಾಸ್ಕಾ ಆ ಸೀಸನ್‌ನಲ್ಲಿ ಸೋತೇ ಇರಲಿಲ್ಲ, ದೇಶದ ತಂಡಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ಆಟ ಮುಗಿಯಲು ಒಂದು ನಿಮಿಷವೂ ಇಲ್ಲದಾಗ ಟಚ್‌ಡೌನ್ ಹೊಡೆದು (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ) 31-30ಕ್ಕೆ ಬಂದರು. ಟಚ್‌ಡೌನ್ ನಂತರ ಸಿಗುವ ಒಂದು ಪಾಯಿಂಟಿನ ಕಿಕ್ ಹೊಡೆದರೆ ಪಂದ್ಯ ಸಮ. ಸಮವಾದರೂ ಚಾಂಪಿಯನ್ ಪಟ್ಟ ಹೆಚ್ಚುಕಡಿಮೆ ಕೈಯಲ್ಲೇ ಇತ್ತು. ಆಸ್ಬರ್ನ್ ಗೆಲ್ಲಲೇಬೇಕೆಂದು ಕಿಕ್ ಬಿಟ್ಟು, ಮತ್ತೆ ಗೆರೆ ದಾಟಿಸಿದರೆ ಸಿಗುವ ಎರಡು ಪಾಯಿಂಟಿಗೆ ಹೋದರು. ಪಾಸ್ ನೆಲಕ್ಕೆ ಬಿತ್ತು. ಸೋತರು.

ಕೇಳಿ: "ನೀವಾಗಿದ್ದರೆ ಕಿಕ್ ಹೊಡೀತಿದ್ರಾ?"

ಹೌದು ಅನ್ನುವವರಿಗೆ ಫಲಿತಾಂಶ ಮುಖ್ಯ. ಅವರ ಜತೆ ಅಂಕಿಯಲ್ಲೇ ಮಾತಾಡಿ. ಇಲ್ಲ ಅನ್ನುವವರಿಗೆ ಗೆಲ್ಲುವ ರೀತಿ ಮುಖ್ಯ. ಅವರ ಮುಂದೆ ಕೋಚ್‌ನ ಸೋಲು ಗೆಲುವಿಗಿಂತ ಅವನ ನಡತೆಯ ಮಾತು ಕೆಲಸ ಮಾಡುತ್ತದೆ. ಲಿಂಕನ್‌ನಲ್ಲಿ ಎರಡನೆಯವರೇ ಜಾಸ್ತಿ ಅನ್ನುವುದು ನನ್ನ ಅಂದಾಜು. ಸೋತ ಆ ಪಂದ್ಯದ ಬಗ್ಗೆ ಇಷ್ಟು ಹೆಮ್ಮೆಯಿಂದ ಮಾತಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ದುಡ್ಡಿನ ಮಾತು

ಹೊಟ್ಟೆಪಾಡಿಗೆ ನಾನು ಲೆಕ್ಕಪತ್ರ ನೋಡುವವಳು. ಈ ಭಾಗ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕೋಚ್ ಜತೆ ಯೂನಿವರ್ಸಿಟಿ ಐದು, ಏಳು, ಎಂಟು ವರ್ಷದ ಕರಾರು ಮಾಡಿಕೊಂಡಿರುತ್ತದೆ. ಸುಮ್ನೆ ಸೋತದ್ದಕ್ಕೆ ಮಧ್ಯದಲ್ಲಿ ಕಳಿಸಿದರೆ ಉಳಿದ ಹಣದಲ್ಲಿ ದೊಡ್ಡ ಪಾಲು ಕೊಡಲೇಬೇಕು. ಅದಕ್ಕೆ ಬೈಔಟ್ ಅನ್ನುತ್ತಾರೆ. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿ ಜಿಂಬೋ ಫಿಷರ್ ಅವರನ್ನು ಕಳಿಸಿದಾಗ ಈ ಮೊತ್ತ 7.5 ಕೋಟಿ ಡಾಲರ್ ದಾಟಿತ್ತು. ಕೆಲಸ ಮಾಡದೇ ಇರಲು ಕೊಡುವ ಸಂಬಳ! ಮೊದಲ ಸಲ ಕೇಳಿದಾಗ ನಾನು ಎರಡು ಸಲ ಸೊನ್ನೆ ಎಣಿಸಿದ್ದೆ.

ಕರಾರಿನಲ್ಲಿ ಮೂರು ವಿಷಯ ಹುಡುಕಿ. ಬೈಔಟ್ ಯಾವ ತಾರೀಖಿಗೆ ಇಳಿಯುತ್ತದೆ? ಕೋಚ್‌ಗೆ ಬೇರೆ ಕೆಲಸ ಸಿಕ್ಕರೆ ಆ ಸಂಬಳವನ್ನು ಇದರಲ್ಲಿ ಕಳೆಯುತ್ತಾರಾ? ಅವನೇ ಬಿಟ್ಟು ಹೋದರೆ ಅವನ ಕಡೆಯಿಂದ ಎಷ್ಟು ಬರಬೇಕು? ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಈ ಕರಾರುಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಜಗಳಕ್ಕೆ ಬರುವವರಲ್ಲಿ ಅವನ್ನು ಓದಿದವರು ಕಡಿಮೆ. ಓದಿ ಹೋದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಓದಿಯೂ ಮುಗ್ಗರಿಸಬಹುದು, ಅದನ್ನೂ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್. ಫ್ರಾಸ್ಟ್ ಈ ಮಣ್ಣಿನ ಹುಡುಗ, 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು. 2017ರ ಕೊನೆಗೆ ಕೋಚ್ ಆಗಿ ಬಂದಾಗ ಊರಿಗೆ ಊರೇ ಮನೆಮಗ ಬಂದ ಅಂತ ಕುಣಿದಿತ್ತು. 2021ರಲ್ಲಿ 3 ಗೆಲುವು, 9 ಸೋಲು. ಆ ಒಂಬತ್ತೂ ಸೋಲು ಒಂಬತ್ತು ಪಾಯಿಂಟಿನೊಳಗೆ. 2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ. 28-17ರಲ್ಲಿ ಮುಂದಿದ್ದಾಗ ಬೇಡದ ಒಂದು ಆನ್‌ಸೈಡ್ ಕಿಕ್ (ಚೆಂಡು ಮತ್ತೆ ತಮಗೇ ಸಿಗಲಿ ಅಂತ ಹೊಡೆಯುವ ಸಣ್ಣ ಕಿಕ್) ಹೊಡೆಸಿ ನಾರ್ತ್‌ವೆಸ್ಟರ್ನ್‌ಗೆ ಪಂದ್ಯ ಬಿಟ್ಟುಕೊಟ್ಟರು. ಎರಡು ವಾರ ಕಳೆದು ಮನೆಯಂಗಳದಲ್ಲೇ ಜಾರ್ಜಿಯಾ ಸದರ್ನ್ ತಂಡ 45-42ರಲ್ಲಿ ಸೋಲಿಸಿತು.

ಫ್ರಾಸ್ಟ್ ಬೈಔಟ್ ಆಗ 1.5 ಕೋಟಿ ಡಾಲರ್. ಅಕ್ಟೋಬರ್ 1ಕ್ಕೆ ಅದು ಅರ್ಧಕ್ಕೆ, 75 ಲಕ್ಷಕ್ಕೆ ಇಳಿಯುತ್ತಿತ್ತು. ಇಪ್ಪತ್ತು ದಿನ ಕಾದರೆ 75 ಲಕ್ಷ ಉಳಿತಾಯ. ನಾನು ಬೇಲಿಯ ಈಚೆ ನಿಂತು ಅಜ್ಜನಿಗೆ ಹೇಳಿದೆ: "ಅಕ್ಟೋಬರ್ ಒಂದರವರೆಗೆ ಯಾರೂ ಅವನನ್ನು ಮುಟ್ಟಲ್ಲ. ಬೇಕಾದರೆ ಬರೆದುಕೊಡುತ್ತೇನೆ." ಸೋತವರು ಇನ್ನೊಬ್ಬರ ಅಂಗಳದ ಎಲೆ ಗುಡಿಸಬೇಕು ಅಂತ ಪಂಥ ಕಟ್ಟಿದೆವು. ಮರುದಿನವೇ, ಸೆಪ್ಟೆಂಬರ್ 11ಕ್ಕೆ, ಫ್ರಾಸ್ಟ್‌ರನ್ನು ತೆಗೆದರು. ಆ ಶರತ್ಕಾಲದಲ್ಲಿ ನಾನು ಎರಡು ಅಂಗಳ ಗುಡಿಸಿದೆ. ಅಜ್ಜನ ಮನೆಯಲ್ಲಿ ಮೇಪಲ್ ಮರ ಬೇರೆ ಮೂರು.

ತಪ್ಪಿದ್ದು ಎಲ್ಲಿ? ಉಳಿಯುವ ದುಡ್ಡನ್ನು ನೋಡಿದೆ, ಕಾಯುವುದರ ಖರ್ಚನ್ನು ನೋಡಲಿಲ್ಲ. ಕೋಚ್ ಹೋಗುವುದು ಖಚಿತ ಅಂತ ಗೊತ್ತಾದ ಮೇಲೆ ಒಂದೊಂದು ವಾರವೂ ನಷ್ಟವೇ. ಹೈಸ್ಕೂಲಿನ ಒಳ್ಳೆ ಹುಡುಗರು ಡಿಸೆಂಬರ್‌ನಲ್ಲಿ ಯಾವ ಕಾಲೇಜು ಅಂತ ಸಹಿ ಹಾಕುತ್ತಾರೆ. ಅಷ್ಟರೊಳಗೆ ಹೊಸ ಕೋಚ್ ಇರಬೇಕು. ಈಗಿನ ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಲು ಹೆಸರು ಬರೆಸುವ ವ್ಯವಸ್ಥೆ) ಹಿಡಿದು ಬೇರೆ ಕಡೆ ಹೋಗಿಬಿಡಬಹುದು. ದಾನಿಗಳು ಕೈ ಹಿಂದೆಗೆಯುತ್ತಾರೆ. ಹಾಗಾಗಿ ಬೈಔಟ್ ತಾರೀಖನ್ನು ಹೇಳುವಾಗ ಪಕ್ಕದಲ್ಲೇ ಈ ಕ್ಯಾಲೆಂಡರನ್ನೂ ಇಟ್ಟುಕೊಳ್ಳಿ.

"ತಾಳ್ಮೆ ಇರಲಿ" ಅನ್ನುವವರಿಗೆ

ಪ್ರತಿ ಜಗಳದಲ್ಲೂ ಒಬ್ಬರು ಈ ಮಾತು ಎತ್ತುತ್ತಾರೆ. ಆಧಾರ ಗಟ್ಟಿಯಾಗಿಯೇ ಇದೆ. ನಿಕ್ ಸೇಬನ್ ಅಲಬಾಮಾಕ್ಕೆ ಬಂದ ಮೊದಲ ವರ್ಷ, 2007ರಲ್ಲಿ, 7 ಗೆದ್ದು 6 ಸೋತರು; ಲೂಸಿಯಾನಾ-ಮನ್ರೋ ಅನ್ನುವ ಸಣ್ಣ ತಂಡದ ಕೈಯಲ್ಲೂ ಸೋತರು. ಅಲ್ಲೇ ಆಮೇಲೆ ಆರು ಸಲ ಚಾಂಪಿಯನ್. ನಮ್ಮ ಪಕ್ಕದ ಅಯೋವಾದಲ್ಲಿ ಕರ್ಕ್ ಫೆರೆಂಟ್ಜ್ 1999ರಲ್ಲಿ ಗೆದ್ದದ್ದು ಒಂದೇ ಒಂದು ಪಂದ್ಯ, ಮರುವರ್ಷ ಮೂರು. ಅಲ್ಲಿಂದ ಇಪ್ಪತ್ತೈದು ವರ್ಷ ದಾಟಿದರೂ ಅವರೇ ಕೋಚ್. ನಮ್ಮ ಆಸ್ಬರ್ನ್ ಕೂಡ ಬದ್ಧ ಎದುರಾಳಿ ಒಕ್ಲಹೋಮಾಕ್ಕೆ ಮೊದಲ ಐದು ವರ್ಷವೂ ಸೋತವರು. ಚಾಂಪಿಯನ್ ಆದದ್ದು 22ನೇ ವರ್ಷದಲ್ಲಿ, 1994ರಲ್ಲಿ.

ಆದರೆ ತಾಳಿದವರೆಲ್ಲ ಬಾಳಲಿಲ್ಲ. ಫ್ರಾಸ್ಟ್‌ಗೆ ನಾಲ್ಕು ವರ್ಷ ತಾಳ್ಮೆ ತೋರಿಸಿದ್ದೆವು. ನಾನು ಕಂಡುಕೊಂಡ ದಾರಿ ಇದು: ಅಂಕಪಟ್ಟಿ ಬಿಟ್ಟು, ಅದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆಯಾ ಅಂತ ನೋಡಿ. ಮೊದಲ ವರ್ಷ ಪೆನಾಲ್ಟಿ, ಎರಡನೇ ವರ್ಷ ಕಿಕ್, ಮೂರನೇ ವರ್ಷ ಇನ್ನೇನೋ ಅಂದರೆ ಕಲಿಯುತ್ತಿದ್ದಾರೆ ಅಂತ. ಕೊನೆಯ ಐದು ನಿಮಿಷದಲ್ಲಿ ಕೈಬಿಡುವುದು ನಾಲ್ಕೂ ವರ್ಷ ಅದೇ ಅಂದರೆ ಐದನೇ ವರ್ಷವೂ ಅದೇ. ಫ್ರಾಸ್ಟ್ ಕಾಲದಲ್ಲಿ ಒಂದೇ ಸ್ಕೋರಿನ (ಎಂಟು ಪಾಯಿಂಟಿನೊಳಗಿನ) ಅಂತರದ ಪಂದ್ಯಗಳಲ್ಲಿ 5 ಗೆಲುವು, 22 ಸೋಲು. ಅದನ್ನು ದುರದೃಷ್ಟ ಅನ್ನುವುದು ಕಷ್ಟ.

ಸಂಪ್ರದಾಯದ ಹತ್ತಿರ ಹುಷಾರು

ಇಲ್ಲಿ ಮೆಮೋರಿಯಲ್ ಸ್ಟೇಡಿಯಂ 1962ರಿಂದ ಪ್ರತಿ ಪಂದ್ಯಕ್ಕೂ ಭರ್ತಿ, ಸತತ ಭರ್ತಿಯಾದ ಪಂದ್ಯಗಳ ಲೆಕ್ಕ 400 ದಾಟಿದೆ. ಶನಿವಾರ ಅದು ತುಂಬಿದರೆ ಒಮಾಹಾ, ಲಿಂಕನ್ ಬಿಟ್ಟು ರಾಜ್ಯದ ಮೂರನೇ ದೊಡ್ಡ ಊರು ಅಂತ ಹೇಳುತ್ತಾರೆ. ಈ ರಾಜ್ಯಕ್ಕೆ ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ತಂಡವಿಲ್ಲ, ಇರುವುದೆಲ್ಲ ಇದೇ. 2021ರಲ್ಲಿ ಉಳಿದ ಟಿಕೆಟ್ಟುಗಳನ್ನು ದಾನಿಗಳು ಕೊಂಡು ಮಕ್ಕಳಿಗೆ ಕೊಟ್ಟು ಭರ್ತಿಯ ಲೆಕ್ಕ ಉಳಿಸಿದರು. ಅದು ನಿಜವಾದ ಭರ್ತಿಯಾ? ಲೆಕ್ಕದವಳಾಗಿ ನನಗೆ ಅಭಿಪ್ರಾಯ ಇದೆ. ಹೇಳುವುದಿಲ್ಲ. ನೀವೂ ಹೇಳಬೇಡಿ.

ಮೊದಲ ಸ್ಕೋರ್‌ಗೆ ಕೆಂಪು ಬಲೂನು ಬಿಡುವ ಪದ್ಧತಿಯನ್ನು 2022ರಲ್ಲಿ ಹೀಲಿಯಂ ಕೊರತೆ ಅಂತ ನಿಲ್ಲಿಸಿದಾಗ, ಕೋಚ್ ಬಗ್ಗೆ ತುಟಿ ಬಿಚ್ಚದವರೂ ಜಗಳಕ್ಕೆ ಬಂದರು. ಅದಕ್ಕಿಂತ ಆಳದ್ದು ವಾಕ್-ಆನ್ ಹುಡುಗರ ಮಾತು. ಸ್ಕಾಲರ್‌ಶಿಪ್ ಇಲ್ಲದೆ, ಹಳ್ಳಿಗಾಡಿನ ಸಣ್ಣ ಶಾಲೆಗಳಿಂದ ಬಂದು, ವರ್ಷಗಟ್ಟಲೆ ಬರೀ ಪ್ರ್ಯಾಕ್ಟೀಸ್ ಮಾಡಿ ಒಂದು ದಿನ ಮೈದಾನಕ್ಕೆ ಇಳಿಯುವವರು. ಆಸ್ಬರ್ನ್ ತಂಡದ ಬೆನ್ನೆಲುಬು ಅವರೇ. 2025ರಿಂದ ತಂಡದಲ್ಲಿ 105 ಜನ ಮಾತ್ರ ಅನ್ನುವ ಮಿತಿ ಬಂದು ಅವರ ಜಾಗ ಕಿರಿದಾಯಿತು. ಹೊಸ ಕೋಚ್ ಯಾರೇ ಬರಲಿ, ಇಲ್ಲಿನ ಹಳಬರು ಮೊದಲು ಕೇಳುವುದು ವಾಕ್-ಆನ್‌ಗಳನ್ನು ಏನು ಮಾಡುತ್ತೀರಿ ಅಂತ. ನೀವೂ ಅದನ್ನೇ ಕೇಳಿದರೆ ನಿಮಗೆ ಕುರ್ಚಿ ಎಳೆದು ಕೊಡುತ್ತಾರೆ.

ಇನ್ನು ನಿಷ್ಠೆ. ಸೋತ ವರ್ಷ ಬೇರೆ ತಂಡದ ಟೋಪಿ ಹಾಕಿಕೊಂಡು ತಿರುಗಬೇಡಿ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಇವರು ದೂರದಿಂದಲೇ ಗುರುತಿಸುತ್ತಾರೆ. ಕೋಚನ್ನು ಎಷ್ಟು ಬೇಕಾದರೂ ಬೈಯಿರಿ, ಹತ್ತೊಂಬತ್ತು ವರ್ಷದ ಆಟಗಾರನನ್ನು ಬೈಯಬೇಡಿ. ಅವನ ಅಮ್ಮ ನಿಮ್ಮ ಹಿಂದಿನ ಸಾಲಿನಲ್ಲೇ ಕೂತಿರಬಹುದು. ನನಗೆ ಹಾಗೆ ಆಗಿದೆ. ಉಳಿದ ಅರ್ಧ ಆಟ ನಾನು ತಲೆ ತಿರುಗಿಸಲಿಲ್ಲ. ಆಟ ಮುಗಿದ ಮೇಲೆ ಎದುರಾಳಿ ತಂಡ ಹೊರಗೆ ಹೋಗುವಾಗ ಚಪ್ಪಾಳೆ ತಟ್ಟಿ, ಅವರು ಗೆದ್ದಿದ್ದರೂ ಸರಿ. ಇದು ಇಲ್ಲಿನ ರೂಢಿ.

ಅಜ್ಜನ ವಿಷಯ ಬಾಕಿ ಇದೆ. ಹೊಸ ಕೋಚ್ ರೂಲ್ ಬಂದ ಮೇಲೆ, 2023ರ ಏಪ್ರಿಲ್‌ನಲ್ಲಿ, ಸ್ಪ್ರಿಂಗ್ ಗೇಮ್ (ತಂಡ ತನ್ನೊಳಗೇ ಆಡುವ ಅಭ್ಯಾಸ ಪಂದ್ಯ) ದಿನ ಸೋಲಿಚ್‌ರನ್ನು ಸ್ಟೇಡಿಯಂಗೆ ಕರೆಸಿ ಗೌರವಿಸಿದರು. ತೆಗೆದು ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಗಿತ್ತು. ಅಜ್ಜನಿಗೆ ಮೊಣಕಾಲು ನೋವು, ಪಂದ್ಯದಲ್ಲಿ ಯಾರು ಎದ್ದರೂ ಅವರು ಏಳುವುದಿಲ್ಲ. ಆವತ್ತು ನನ್ನ ಹೆಗಲು ಹಿಡಿದುಕೊಂಡು ಎದ್ದರು. ಚಪ್ಪಾಳೆ ತಟ್ಟಲು ಎರಡೂ ಕೈ ಬೇಕಲ್ಲ, ಹೆಗಲು ಬಿಟ್ಟರು. ನಾನು ಅವರ ಸೊಂಟದ ಬೆಲ್ಟ್ ಹಿಡಿದುಕೊಂಡೆ.

"ತೆಗೆಯಲೇಬೇಕಿತ್ತು ಅಂದಿದ್ದಿರಲ್ಲ" ಅಂತ ಕಿವಿಯಲ್ಲಿ ಹೇಳಿದೆ.

"ಈಗಲೂ ಅದನ್ನೇ ಅನ್ನುತ್ತೇನೆ" ಅಂದರು, ಚಪ್ಪಾಳೆ ನಿಲ್ಲಿಸದೆ.